ಚೀನಾದ ಟೆನಿಸ್ ಆಟಗಾರ್ತಿಯರು ಹತ್ತಿದ ಏಣಿ ಮತ್ತು ಬೆಂಗಳೂರು ಗ್ರಾಮಾಂತರದ ಆರೂವರೆ ಗುಂಟೆ

ಕರ್ನಾಟಕದ ನೆಲದಲ್ಲಿ ನಡೆದ ಅತಿ ದೊಡ್ಡ ಮಹಿಳಾ ಟೆನಿಸ್ ಟೂರ್ನಿಯ ಡಬಲ್ಸ್ ಪ್ರಶಸ್ತಿ ಚೀನಾದ ಇಬ್ಬರು ಆಟಗಾರ್ತಿಯರ ಪಾಲಾಗಿತ್ತು ಎಂಬ ಸಂಗತಿ ಇಂದು ಹೆಚ್ಚು ಮಂದಿಯ ನೆನಪಿನಲ್ಲಿಲ್ಲ. 2008ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಬ್ಬನ್ ಉದ್ಯಾನದಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ನಡೆದ ಬೆಂಗಳೂರು ಓಪನ್‌ನ ಸಿಂಗಲ್ಸ್ ಫೈನಲ್‌ನಲ್ಲಿ ಅಮೆರಿಕದ ಸೆರೆನಾ ವಿಲಿಯಮ್ಸ್ ಅವರು ಸ್ವಿಟ್ಜರ್ಲೆಂಡ್‌ನ ಪ್ಯಾಟಿ ಶ್ನೈಡರ್ ಅವರನ್ನು 7–5, 6–3ರಿಂದ ಸೋಲಿಸಿದರು. ಡಬಲ್ಸ್ ಫೈನಲ್‌ನಲ್ಲಿ ಸುನ್ ಟಿಯಾನ್‌ಟಿಯಾನ್ ಮತ್ತು ಪೆಂಗ್ ಶುವಾಯಿ ಜೋಡಿಯು ಹಿಂದಿನ ವರ್ಷದ ಚಾಂಪಿಯನ್ನರಾದ ತೈವಾನ್‌ನ ಚಾನ್ ಯುಂಗ್‌ಜಾನ್ ಮತ್ತು ಚುವಾಂಗ್ ಚಿಯಾಜುಂಗ್ ಅವರನ್ನು ಮಣಿಸಿತು. ಸುನ್ ಮತ್ತು ಪೆಂಗ್ ಅವರ ವೃತ್ತಿಜೀವನವನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ, ಒಂದು ದೇಶವು ಟೆನಿಸ್ ಪರಂಪರೆಯೇ ಇಲ್ಲದ ಊರುಗಳಿಂದ ವಿಶ್ವಮಟ್ಟದ ಆಟಗಾರ್ತಿಯರನ್ನು ಹೇಗೆ ಬೆಳೆಸಿತು, ಆ ಬೆಳವಣಿಗೆಗೆ ಅವರು ತೆತ್ತ ಬೆಲೆ ಏನು, ಮತ್ತು ಅದರಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದಂತಹ ತಾಲ್ಲೂಕುಗಳು ಕಲಿಯಬೇಕಾದದ್ದೇನು ಎಂಬ ಮೂರು ಪ್ರಶ್ನೆಗಳಿಗೂ ಉತ್ತರ ಸಿಗುತ್ತದೆ.

ಬೆಂಗಳೂರಿಗೆ ಬಂದು ಹೋದ ಟೂರ್ನಿ

ಮಹಿಳೆಯರ ವೃತ್ತಿಪರ ಟೆನಿಸ್ ಅನ್ನು ನಡೆಸುವ ಸಂಸ್ಥೆ ಮಹಿಳಾ ಟೆನಿಸ್ ಸಂಸ್ಥೆ, ಅಂದರೆ ಡಬ್ಲ್ಯುಟಿಎ. ಅದು ಆಗ ತನ್ನ ಟೂರ್ನಿಗಳನ್ನು ಬಹುಮಾನದ ಹಣ ಮತ್ತು ಆಟಗಾರ್ತಿಯರ ಮಟ್ಟಕ್ಕೆ ಅನುಗುಣವಾಗಿ ಶ್ರೇಣಿಗಳಾಗಿ ವಿಂಗಡಿಸಿತ್ತು. ಹೈದರಾಬಾದ್‌ನಲ್ಲಿ ನಡೆಯುತ್ತಿದ್ದ ಟೂರ್ನಿಯು 2006ರಲ್ಲಿ ಬೆಂಗಳೂರಿಗೆ ವರ್ಗಾವಣೆಯಾದಾಗ ಅದು ಮೂರನೆಯ ಶ್ರೇಣಿಯಲ್ಲಿತ್ತು. ಆ ವರ್ಷ ಇಟಲಿಯ ಮಾರಾ ಸಾಂತಾಂಜೆಲೊ ಸಿಂಗಲ್ಸ್ ಗೆದ್ದರೆ, ಸಾನಿಯಾ ಮಿರ್ಜಾ ಅವರು ಲೀಜೆಲ್ ಹ್ಯೂಬರ್ ಜೊತೆಗೂಡಿ ಡಬಲ್ಸ್ ಗೆದ್ದರು. 2007ರಲ್ಲಿ ಯಾರೊಸ್ಲಾವಾ ಶ್ವೆದೊವಾ ಸಿಂಗಲ್ಸ್ ಚಾಂಪಿಯನ್ ಆದರು. 2008ರಲ್ಲಿ ಟೂರ್ನಿ ಎರಡನೆಯ ಶ್ರೇಣಿಗೆ ಏರಿ, ಬಹುಮಾನದ ಮೊತ್ತ 6 ಲಕ್ಷ ಡಾಲರ್ ತಲುಪಿತು. ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಅದೇ ವರ್ಷದ ಮೇ 24ರಂದು ಆರಂಭವಾಗುವ ಹೊತ್ತಿಗೆ ಆ ಟೂರ್ನಿ ಮುಗಿದುಹೋಗಿತ್ತು. ಮುಂದೆ ಬೆಂಗಳೂರಿನಲ್ಲಿ ಆ ಮಟ್ಟದ ಮಹಿಳಾ ಟೂರ್ನಿ ಮತ್ತೆ ನಡೆಯಲಿಲ್ಲ.

ಟೂರ್ನಿಯೊಂದು ಊರಿನಲ್ಲಿ ನಡೆಯುವುದು ಪ್ರೇಕ್ಷಕರ ಸಂತೋಷಕ್ಕಷ್ಟೇ ಸಂಬಂಧಿಸಿದ ವಿಷಯವಲ್ಲ. ಆತಿಥೇಯ ಸಂಸ್ಥೆಯು ರ‍್ಯಾಂಕಿಂಗ್ ಸಾಲದ ಕೆಲವು ಸ್ಥಳೀಯ ಆಟಗಾರ್ತಿಯರಿಗೆ ಪ್ರಧಾನ ಸುತ್ತಿನಲ್ಲಿ ನೇರ ಅವಕಾಶ ಕೊಡಬಹುದು. ಇದನ್ನೇ ವೈಲ್ಡ್ ಕಾರ್ಡ್ ಎನ್ನುತ್ತಾರೆ. ವಿದೇಶಕ್ಕೆ ಹೋಗಲು ಹಣವಿಲ್ಲದ ಹುಡುಗಿಗೆ ತನ್ನ ಊರಿನಲ್ಲೇ ವಿಶ್ವದ ಅಗ್ರ ಆಟಗಾರ್ತಿಯ ಎದುರು ಆಡುವ ದಾರಿ ಇದೊಂದೇ ಆಗಿರುತ್ತದೆ. ಚೀನಾ ಈ ಮಾತನ್ನು ಬಹಳ ಬೇಗ ಅರಿತು, ಬೀಜಿಂಗ್, ಗುವಾಂಗ್‌ಝೌ, ವುಹಾನ್‌ಗಳಲ್ಲಿ ಟೂರ್ನಿಗಳನ್ನು ಕಟ್ಟಿತು. 2019ರಲ್ಲಿ ವರ್ಷಾಂತ್ಯದ ಡಬ್ಲ್ಯುಟಿಎ ಫೈನಲ್ಸ್ ಕೂಡ ಶೆನ್ಝೆನ್ ನಗರದಲ್ಲಿ ನಡೆಯಿತು.

ರಾಜ್ಯವೇ ಬೆಳೆಸಿದ ಸುನ್ ಟಿಯಾನ್‌ಟಿಯಾನ್

ಸುನ್ ಟಿಯಾನ್‌ಟಿಯಾನ್ 1981ರ ಅಕ್ಟೋಬರ್‌ನಲ್ಲಿ ಹೆನಾನ್ ಪ್ರಾಂತ್ಯದ ಝೆಂಗ್‌ಝೌ ನಗರದಲ್ಲಿ ಹುಟ್ಟಿದರು. ಹೆನಾನ್ ಎಂಬುದು ಕಡಲಿನಿಂದ ದೂರವಿರುವ, ಗೋಧಿ ಬೆಳೆಗೆ ಹೆಸರಾದ ಒಳನಾಡು. ಅಂತಹ ಪ್ರದೇಶದ ಹುಡುಗಿಯ ಕೈಗೆ ರಾಕೆಟ್ ಬರಲು ಕಾರಣ ಚೀನಾದ ಸರ್ಕಾರಿ ಕ್ರೀಡಾ ವ್ಯವಸ್ಥೆ. ಶಾಲೆಯ ಬಿಡುವಿನ ವೇಳೆಯಲ್ಲಿ ನಡೆಯುವ ಕ್ರೀಡಾಶಾಲೆಗಳಲ್ಲಿ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಗುರುತಿಸುವುದು, ಅವರಲ್ಲಿ ಉತ್ತಮರನ್ನು ಪ್ರಾಂತ್ಯದ ತಂಡಕ್ಕೆ ಸೇರಿಸಿಕೊಂಡು ವಸತಿ, ಊಟ, ತರಬೇತಿ, ಸಂಬಳಗಳನ್ನು ಕೊಡುವುದು, ಅಲ್ಲಿಂದ ಆಯ್ದವರನ್ನು ರಾಷ್ಟ್ರೀಯ ತಂಡಕ್ಕೆ ಒಯ್ಯುವುದು ಆ ವ್ಯವಸ್ಥೆಯ ಮೂರು ಮೆಟ್ಟಿಲುಗಳು. ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಪ್ರಾಂತ್ಯಗಳು ಪದಕಕ್ಕಾಗಿ ಪರಸ್ಪರ ಸೆಣಸುವುದರಿಂದ, ಪ್ರತಿಯೊಂದು ಪ್ರಾಂತ್ಯವೂ ತನ್ನ ಮಕ್ಕಳ ಮೇಲೆ ಹಣ ಹೂಡಲು ತಾನಾಗಿಯೇ ಮುಂದಾಗುತ್ತದೆ.

ಟೆನಿಸ್ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಪೂರ್ಣ ಪದಕ ಸ್ಪರ್ಧೆಯಾಗಿ ಮರಳಿದ ಮೇಲೆ, ಅದರಲ್ಲೂ 2008ರ ಒಲಿಂಪಿಕ್ಸ್ ಆತಿಥ್ಯ 2001ರಲ್ಲಿ ಬೀಜಿಂಗ್‌ಗೆ ಒಲಿದ ಮೇಲೆ, ಚೀನಾದ ಕ್ರೀಡಾ ಆಡಳಿತಕ್ಕೆ ಈ ಆಟ ಮುಖ್ಯವೆನಿಸಿತು. ಹಿಂದೆ ವಾಲಿಬಾಲ್ ಆಟಗಾರ್ತಿಯಾಗಿ ಹೆಸರು ಮಾಡಿದ್ದ ಸುನ್ ಜಿನ್‌ಫಾಂಗ್ ಅವರ ಕೈಗೆ ಟೆನಿಸ್ ಆಡಳಿತ ಬಂದಾಗ, ಸಿಂಗಲ್ಸ್‌ಗಿಂತ ಮಹಿಳಾ ಡಬಲ್ಸ್‌ನಲ್ಲಿ ಬೇಗ ಫಲ ಸಿಗಬಹುದು ಎಂಬ ಲೆಕ್ಕಾಚಾರದ ಮೇಲೆ ಜೋಡಿಗಳನ್ನು ಕಟ್ಟುವ ಕೆಲಸ ಬಿರುಸಾಯಿತು. ವಿಶ್ವದ ಅಗ್ರ ಸಿಂಗಲ್ಸ್ ಆಟಗಾರ್ತಿಯರು ಡಬಲ್ಸ್‌ಗೆ ಹೆಚ್ಚು ಸಮಯ ಕೊಡುವುದಿಲ್ಲ; ಆದರೆ ಒಂದೇ ತಂಡದಲ್ಲಿ ವರ್ಷಗಟ್ಟಲೆ ಜೊತೆಯಾಗಿ ಅಭ್ಯಾಸ ಮಾಡಿದ ಇಬ್ಬರಿಗೆ, ಒಬ್ಬರು ಸರ್ವ್ ಮಾಡುವಾಗ ಇನ್ನೊಬ್ಬರು ನೆಟ್ ಬಳಿ ಯಾವ ಕಡೆಗೆ ಸರಿಯಬೇಕು, ಎತ್ತರದ ಚೆಂಡನ್ನು ಯಾರು ಹೊಡೆಯಬೇಕು ಎಂಬುದು ಮಾತಿಲ್ಲದೆ ತಿಳಿದಿರುತ್ತದೆ.

ಈ ಲೆಕ್ಕ 2004ರ ಆಗಸ್ಟ್‌ನಲ್ಲಿ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫಲಿಸಿತು. ಸುನ್ ಟಿಯಾನ್‌ಟಿಯಾನ್ ಮತ್ತು ಲೀ ಟಿಂಗ್ ಮೊದಲ ಸುತ್ತಿನಲ್ಲೇ ಅಮೆರಿಕದ ವೀನಸ್ ವಿಲಿಯಮ್ಸ್ ಮತ್ತು ಚಾಂಡಾ ರೂಬಿನ್ ಜೋಡಿಯನ್ನು ಹೊರಗಟ್ಟಿ, ಫೈನಲ್‌ನಲ್ಲಿ ಸ್ಪೇನ್‌ನ ಕೊಂಚಿತಾ ಮಾರ್ಟಿನೆಜ್ ಮತ್ತು ವಿರ್ಜಿನಿಯಾ ರುವಾನೊ ಪಾಸ್ಕುವಲ್ ಅವರನ್ನು 6–3, 6–3ರಿಂದ ಸೋಲಿಸಿ ಚಿನ್ನ ಗೆದ್ದರು. ಅದು ಟೆನಿಸ್‌ನಲ್ಲಿ ಚೀನಾಕ್ಕೆ ಬಂದ ಮೊದಲ ಒಲಿಂಪಿಕ್ ಪದಕ. ಸುನ್ 2006ರಲ್ಲಿ ತಾಷ್ಕೆಂಟ್‌ನಲ್ಲಿ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿಯನ್ನೂ ಗೆದ್ದರು. 2008ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನ ಮಿಶ್ರ ಡಬಲ್ಸ್ ಫೈನಲ್‌ನಲ್ಲಿ ಅವರು ಸರ್ಬಿಯಾದ ನೆನಾದ್ ಜಿಮೊಂಜಿಕ್ ಜೊತೆಗೂಡಿ ಎದುರಿಸಿದ್ದು ಸಾನಿಯಾ ಮಿರ್ಜಾ ಮತ್ತು ಬೆಂಗಳೂರನ್ನು ನೆಲೆ ಮಾಡಿಕೊಂಡಿದ್ದ ಮಹೇಶ್ ಭೂಪತಿ ಅವರನ್ನು. ಆ ಪಂದ್ಯವನ್ನು 7–6, 6–4ರಿಂದ ಗೆದ್ದು ಸುನ್ ಗ್ರ್ಯಾಂಡ್ ಸ್ಲಾಮ್ ಚಾಂಪಿಯನ್ ಆದರು. ಆಸ್ಟ್ರೇಲಿಯನ್, ಫ್ರೆಂಚ್, ವಿಂಬಲ್ಡನ್ ಮತ್ತು ಅಮೆರಿಕನ್ ಓಪನ್ ಎಂಬ ನಾಲ್ಕು ಪ್ರಮುಖ ಟೂರ್ನಿಗಳನ್ನು ಗ್ರ್ಯಾಂಡ್ ಸ್ಲಾಮ್ ಎಂದು ಕರೆಯುವುದರಿಂದ, ಅಲ್ಲಿನ ಗೆಲುವು ಆಟಗಾರರ ವೃತ್ತಿಯ ಶಿಖರವೆನಿಸುತ್ತದೆ. ಇದಾದ ಎರಡೇ ತಿಂಗಳಿಗೆ ಬೆಂಗಳೂರಿನ ಡಬಲ್ಸ್ ಪ್ರಶಸ್ತಿಯೂ ಅವರದಾಯಿತು.

ಹಂಗು ಹರಿದುಕೊಂಡ ನಾಲ್ವರು

ಈ ವ್ಯವಸ್ಥೆ ಕೊಟ್ಟದ್ದು ಎಷ್ಟೋ, ಪಡೆದದ್ದೂ ಅಷ್ಟೇ. ಯಾರು ಯಾರ ಜೊತೆ ಆಡಬೇಕು, ಯಾವ ಟೂರ್ನಿಗೆ ಹೋಗಬೇಕು, ಯಾರು ತರಬೇತಿ ಕೊಡಬೇಕು ಎಂಬುದೆಲ್ಲ ಅಧಿಕಾರಿಗಳ ತೀರ್ಮಾನವಾಗಿತ್ತು. ಖರ್ಚನ್ನೆಲ್ಲ ಸರ್ಕಾರ ಹೊರುತ್ತಿದ್ದುದರಿಂದ ಆಟಗಾರ್ತಿಯ ಗಳಿಕೆಯ ಶೇ 65ರಷ್ಟು ಪಾಲು ಅದಕ್ಕೆ ಸಲ್ಲುತ್ತಿತ್ತು. ವುಹಾನ್‌ನ ಲೀ ನಾ ಈ ಬಿಗಿಯನ್ನು ತಾಳಲಾರದೆ 2002ರಲ್ಲಿ ಆಟವನ್ನೇ ಬಿಟ್ಟು ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಓದಲು ಹೋಗಿ, 2004ರಲ್ಲಿ ಮರಳಿದರು. ಬಾಲ್ಯದ ತರಬೇತಿಯಲ್ಲಿ ಹೊಗಳಿಕೆಯ ಒಂದು ಮಾತೂ ಇಲ್ಲದೆ ಬೈಗುಳದಲ್ಲೇ ಬೆಳೆದ ನೋವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ.

ಬೀಜಿಂಗ್ ಒಲಿಂಪಿಕ್ಸ್ ಮುಗಿದ ಮೇಲೆ, 2008ರ ಕೊನೆಯಲ್ಲಿ, ಲೀ ನಾ, ಝೆಂಗ್ ಜಿಯೆ, ಯಾನ್ ಝಿ ಮತ್ತು ಪೆಂಗ್ ಶುವಾಯಿ ಎಂಬ ನಾಲ್ವರಿಗೆ ತಂಡದಿಂದ ಹೊರಗೆ ಸ್ವತಂತ್ರವಾಗಿ ಆಡಲು ಅನುಮತಿ ಸಿಕ್ಕಿತು. ಅಂದಿನಿಂದ ತರಬೇತುದಾರರನ್ನು ಆರಿಸಿಕೊಳ್ಳುವ ಹಕ್ಕು ಅವರದಾಯಿತು, ಖರ್ಚೂ ಅವರದೇ ಆಯಿತು, ಚೀನಾದ ಟೆನಿಸ್ ಆಡಳಿತಕ್ಕೆ ಸಲ್ಲಿಸಬೇಕಾದ ಪಾಲು ಶೇ 8ರಿಂದ 12ರ ಮಟ್ಟಕ್ಕೆ ಇಳಿಯಿತು. ಇದರ ಫಲ ಬೇಗನೆ ಕಂಡಿತು. ಲೀ ನಾ 2011ರಲ್ಲಿ ಫ್ರೆಂಚ್ ಓಪನ್ ಗೆದ್ದು ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿ ಪಡೆದ ಏಷ್ಯಾದ ಮೊದಲ ಆಟಗಾರ್ತಿಯಾದರು. 2014ರಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದು ವಿಶ್ವ ರ‍್ಯಾಂಕಿಂಗ್‌ನಲ್ಲಿ ಎರಡನೆಯ ಸ್ಥಾನಕ್ಕೇರಿದರು.

ಪೆಂಗ್ ಶುವಾಯಿ ಅವರ ಕಥೆ ಇನ್ನೂ ಭಾರವಾದದ್ದು. 1986ರ ಜನವರಿಯಲ್ಲಿ ಹುನಾನ್ ಪ್ರಾಂತ್ಯದ ಷಿಯಾಂಗ್‌ಟಾನ್‌ನಲ್ಲಿ ಹುಟ್ಟಿದ ಅವರು ಹುಟ್ಟಿನಿಂದಲೇ ಇದ್ದ ಹೃದಯದ ದೋಷಕ್ಕೆ ಬಾಲ್ಯದಲ್ಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಆಟಕ್ಕೆ ಮರಳಿದವರು. ಬಲಗಡೆಯಿಂದಲೂ ಎಡಗಡೆಯಿಂದಲೂ ಎರಡು ಕೈಗಳಿಂದ ಹೊಡೆಯುವ ಅವರ ಶೈಲಿ ವಿಶಿಷ್ಟವಾದದ್ದು. ತೈವಾನ್‌ನ ಷಿಯೆ ಸುವೆಯ್ ಜೊತೆಗೂಡಿ 2013ರಲ್ಲಿ ವಿಂಬಲ್ಡನ್, 2014ರಲ್ಲಿ ಫ್ರೆಂಚ್ ಓಪನ್ ಡಬಲ್ಸ್ ಗೆದ್ದ ಪೆಂಗ್, 2014ರ ಫೆಬ್ರುವರಿಯಲ್ಲಿ ಡಬಲ್ಸ್ ರ‍್ಯಾಂಕಿಂಗ್‌ನ ಅಗ್ರಸ್ಥಾನಕ್ಕೇರಿದರು. ಚೀನಾದ ಯಾವ ಆಟಗಾರರೂ ಅದಕ್ಕೆ ಮೊದಲು ಸಿಂಗಲ್ಸ್‌ನಲ್ಲಾಗಲಿ ಡಬಲ್ಸ್‌ನಲ್ಲಾಗಲಿ ಆ ಸ್ಥಾನ ತಲುಪಿರಲಿಲ್ಲ. 2017ರ ಅಮೆರಿಕನ್ ಓಪನ್‌ನಲ್ಲಿ ಸಾನಿಯಾ ಮಿರ್ಜಾ ಅವರ ಜೊತೆಗಾತಿಯಾಗಿ ಸೆಮಿಫೈನಲ್ ಆಡಿದ್ದೂ ಅವರೇ. 2021ರ ನವೆಂಬರ್‌ನಲ್ಲಿ ಅವರು ಚೀನಾದ ಮಾಜಿ ಉಪಪ್ರಧಾನಿಯೊಬ್ಬರ ಮೇಲೆ ಲೈಂಗಿಕ ದೌರ್ಜನ್ಯದ ಆರೋಪ ಮಾಡಿದ ಬರಹವು ಸಾಮಾಜಿಕ ಜಾಲತಾಣದಲ್ಲಿ ಕಾಣಿಸಿಕೊಂಡು ಸ್ವಲ್ಪ ಹೊತ್ತಿನಲ್ಲೇ ಅಳಿಸಿಹೋಯಿತು. ಅವರು ಕೆಲಕಾಲ ಸಾರ್ವಜನಿಕವಾಗಿ ಕಾಣಿಸಿಕೊಳ್ಳದೆ ಹೋದಾಗ ಜಗತ್ತಿನ ಆಟಗಾರ್ತಿಯರೆಲ್ಲ ಆತಂಕದಿಂದ ದನಿಯೆತ್ತಿದರು. ತಮ್ಮ ಬರಹವನ್ನು ತಪ್ಪಾಗಿ ಅರ್ಥ ಮಾಡಿಕೊಳ್ಳಲಾಯಿತು ಎಂದು ಪೆಂಗ್ ಆಮೇಲೆ ಹೇಳಿದರಾದರೂ, ಡಬ್ಲ್ಯುಟಿಎ 2021ರ ಡಿಸೆಂಬರ್‌ನಲ್ಲಿ ಚೀನಾದ ಟೂರ್ನಿಗಳನ್ನು ಸ್ಥಗಿತಗೊಳಿಸಿ, 2023ರಲ್ಲಿ ಮಾತ್ರ ಅಲ್ಲಿಗೆ ಮರಳಿತು. ಪದಕ ಕೊಡುವ ಏಣಿಯು ಆಟಗಾರ್ತಿಯ ದನಿಯನ್ನು ಕಾಪಾಡುವ ಖಾತರಿ ಕೊಡುವುದಿಲ್ಲ ಎಂಬ ಕಹಿಸತ್ಯವನ್ನು ಅವರ ಬದುಕು ಮುಂದಿಡುತ್ತದೆ.

ಸೋಲಿನ ಸರಣಿಯನ್ನು ದಾಟಿದವರು

ವೃತ್ತಿಪರ ಟೆನಿಸ್‌ನ ಬಹುಪಾಲು ದಿನಗಳು ಸೋಲಿನವೇ ಆಗಿರುತ್ತವೆ ಎಂಬುದಕ್ಕೆ ಟಿಯಾಂಜಿನ್‌ನ ಜಾಂಗ್ ಶುವಾಯಿ ಒಳ್ಳೆಯ ಉದಾಹರಣೆ. ಗ್ರ್ಯಾಂಡ್ ಸ್ಲಾಮ್ ಟೂರ್ನಿಗಳಲ್ಲಿ ಸತತ 14 ಬಾರಿ ಮೊದಲ ಸುತ್ತಿನಲ್ಲೇ ಸೋತಿದ್ದ ಅವರು, ಆಟ ಬಿಡುವ ಯೋಚನೆಯಲ್ಲೇ 2016ರ ಆಸ್ಟ್ರೇಲಿಯನ್ ಓಪನ್‌ನ ಅರ್ಹತಾ ಸುತ್ತುಗಳನ್ನು ದಾಟಿ ಬಂದು, ಆಗಿನ ವಿಶ್ವದ ಎರಡನೆಯ ರ‍್ಯಾಂಕ್‌ನ ಸಿಮೊನಾ ಹಾಲೆಪ್ ಅವರನ್ನು ಸೋಲಿಸಿ, ಕ್ವಾರ್ಟರ್‌ಫೈನಲ್‌ವರೆಗೆ ಸಾಗಿದರು. ಆಸ್ಟ್ರೇಲಿಯಾದ ಸಮಂತಾ ಸ್ಟೋಸರ್ ಜೊತೆ 2019ರಲ್ಲಿ ಆಸ್ಟ್ರೇಲಿಯನ್ ಓಪನ್, 2021ರಲ್ಲಿ ಅಮೆರಿಕನ್ ಓಪನ್ ಡಬಲ್ಸ್ ಗೆದ್ದರು. 2025ರ ಆಸ್ಟ್ರೇಲಿಯನ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ ಅವರ ಜೊತೆಗಾರರಾಗಿ ಕ್ವಾರ್ಟರ್‌ಫೈನಲ್ ಆಡಿದವರು ಕೊಡಗಿನ ರೋಹನ್ ಬೋಪಣ್ಣ.

ಬೋಪಣ್ಣ ಅವರ ಹೆಸರು ಇಲ್ಲಿ ಬರುವುದು ಆಕಸ್ಮಿಕವಲ್ಲ. ಕಾಫಿ ತೋಟದ ಮನೆಯಿಂದ ಬಂದ ಅವರು ಸಿಂಗಲ್ಸ್ ಬಿಟ್ಟು ಡಬಲ್ಸ್ ಮೇಲೆ ಗಮನ ನೆಟ್ಟು, 2017ರಲ್ಲಿ ಕೆನಡಾದ ಗೇಬ್ರಿಯೆಲಾ ದಬ್ರೋವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2024ರ ಜನವರಿಯಲ್ಲಿ, 43ನೆಯ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದು ಡಬಲ್ಸ್‌ನ ಅಗ್ರಸ್ಥಾನ ಪಡೆದರು. ಡಬಲ್ಸ್ ಎಂಬುದು ಎರಡನೆಯ ದರ್ಜೆಯ ಆಟವಲ್ಲ, ತಡವಾಗಿ ಅರಳುವವರಿಗೂ ತೆರೆದಿರುವ ಪೂರ್ಣ ಪ್ರಮಾಣದ ವೃತ್ತಿ ಎಂಬುದನ್ನು ಚೀನಾದ ಸುನ್, ಪೆಂಗ್, ಜಾಂಗ್ ಮತ್ತು ಕರ್ನಾಟಕದ ಬೋಪಣ್ಣ ಒಂದೇ ದನಿಯಲ್ಲಿ ಸಾರುತ್ತಾರೆ. ಆದರೂ ಬೋಪಣ್ಣ ಅವರ ಎತ್ತರಕ್ಕೆ ಏರಿದ ಕನ್ನಡನಾಡಿನ ಆಟಗಾರ್ತಿಯೊಬ್ಬರು ಇನ್ನೂ ಮೂಡಿಬಂದಿಲ್ಲ. ಶರ್ಮದಾ ಬಾಲು, ಸೋಹಾ ಸಾದಿಕ್ ಅವರಂತಹವರು ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ ಆಡಿದರೂ ಅವರ ಹಿಂದೆ ಸಾಲುಗಟ್ಟಿ ಬರುವ ಪಡೆ ಕಾಣುವುದಿಲ್ಲ.

ಚೀನಾದ ಹೊಸ ತಲೆಮಾರಿನ ಝೆಂಗ್ ಕ್ವಿನ್‌ವೆನ್ ಇನ್ನೊಂದು ಬಗೆಯ ದಾರಿಯನ್ನು ತೋರುತ್ತಾರೆ. 2002ರಲ್ಲಿ ಹುಬೇ ಪ್ರಾಂತ್ಯದ ಶಿಯಾನ್‌ನಲ್ಲಿ ಹುಟ್ಟಿ, ಬಾಲ್ಯದಲ್ಲೇ ವುಹಾನ್‌ಗೆ, ಆಮೇಲೆ ಬೀಜಿಂಗ್‌ಗೆ, ಅಲ್ಲಿಂದ ಸ್ಪೇನ್‌ಗೆ ತರಬೇತಿಗಾಗಿ ಹೋದ ಅವರ ಬೆನ್ನಿಗೆ ಕುಟುಂಬವೂ ಖಾಸಗಿ ಅಕಾಡೆಮಿಗಳೂ ನಿಂತವು. 2024ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಫೈನಲ್ ತಲುಪಿದ ಅವರು, ಅದೇ ವರ್ಷ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಇಗಾ ಶ್ವಾಂಟೆಕ್ ಅವರನ್ನು ಸೆಮಿಫೈನಲ್‌ನಲ್ಲಿಯೂ ಡೊನ್ನಾ ವೆಕಿಚ್ ಅವರನ್ನು ಫೈನಲ್‌ನಲ್ಲಿಯೂ ಸೋಲಿಸಿ, ಒಲಿಂಪಿಕ್ ಟೆನಿಸ್ ಸಿಂಗಲ್ಸ್‌ನಲ್ಲಿ ಚಿನ್ನ ಗೆದ್ದ ಏಷ್ಯಾದ ಮೊದಲ ಕ್ರೀಡಾಪಟುವಾದರು. ಲೀ ನಾ ಗೆದ್ದದ್ದನ್ನು ನೋಡಿ ಸ್ಫೂರ್ತಿ ಪಡೆದ ಮಕ್ಕಳಲ್ಲಿ ಅವರೂ ಒಬ್ಬರು.

ಏಣಿಯ ಕೆಳಮೆಟ್ಟಿಲು ಎಲ್ಲಿದೆ?

ವೃತ್ತಿಪರ ಆಟಗಾರ್ತಿಯಾಗುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಜೂನಿಯರ್ ಟೂರ್ನಿಗಳನ್ನು ದಾಟಿದ ಹುಡುಗಿ ಮೊದಲು ಆಡುವುದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ನಿನ ಸಣ್ಣ ಟೂರ್ನಿಗಳಲ್ಲಿ. ಅವುಗಳಲ್ಲಿ ಅತಿ ಕೆಳಗಿನದಾದ ಡಬ್ಲ್ಯು 15ರ ಒಟ್ಟು ಬಹುಮಾನ 15 ಸಾವಿರ ಡಾಲರ್, ಅದೂ ಎಲ್ಲ ಆಟಗಾರ್ತಿಯರ ನಡುವೆ ಹಂಚಿಹೋಗುವ ಹಣ. ಅಲ್ಲಿ ಗಳಿಸಿದ ಪಾಯಿಂಟ್‌ಗಳು 52 ವಾರ ಮಾತ್ರ ಲೆಕ್ಕಕ್ಕಿರುವುದರಿಂದ, ಗಾಯಗೊಂಡು ಕೆಲವು ತಿಂಗಳು ಮನೆಯಲ್ಲಿ ಕುಳಿತರೂ ರ‍್ಯಾಂಕಿಂಗ್ ಕುಸಿಯುತ್ತದೆ. ವಿಮಾನದ ಟಿಕೆಟ್, ವಸತಿ, ತರಬೇತುದಾರರ ಸಂಬಳ, ರಾಕೆಟ್‌ನ ತಂತಿಯ ವೆಚ್ಚವೆಲ್ಲ ಕೈಯಿಂದಲೇ ಹೋಗುವ ಈ ವರ್ಷಗಳಲ್ಲೇ ಹೆಚ್ಚಿನ ಭಾರತೀಯ ಹುಡುಗಿಯರು ಆಟ ನಿಲ್ಲಿಸುತ್ತಾರೆ. ಚೀನಾದ ಪ್ರಾಂತ್ಯಗಳು ತಮ್ಮ ಆಟಗಾರ್ತಿಯರನ್ನು ದಾಟಿಸಿದ್ದು ಇದೇ ಹಳ್ಳವನ್ನು.

ಕರ್ನಾಟಕದಲ್ಲಿ ಏಣಿಯ ಮೇಲ್ಭಾಗ ಇದ್ದೇ ಇದೆ. ಟೆನಿಸ್ ಪ್ರೇಮಿಯಾಗಿದ್ದ ಮಾಜಿ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ ಅವರ ಹೆಸರನ್ನು ಹೊತ್ತ ಕಬ್ಬನ್ ಉದ್ಯಾನದ ಕ್ರೀಡಾಂಗಣದಲ್ಲಿ 2023ರಲ್ಲಿ ನಡೆದ ಅಂತರರಾಷ್ಟ್ರೀಯ ಮಹಿಳಾ ಟೂರ್ನಿಯ ಫೈನಲ್‌ನಲ್ಲಿ ಭಾರತದ ಅಂಕಿತಾ ರೈನಾ ಆಡಿದರು. 2025ರ ನವೆಂಬರ್‌ನಲ್ಲಿ ಮಹಿಳೆಯರ ವಿಶ್ವ ತಂಡ ಸ್ಪರ್ಧೆಯಾದ ಬಿಲ್ಲಿ ಜೀನ್ ಕಿಂಗ್ ಕಪ್‌ನ ಪ್ಲೇಆಫ್ ಪಂದ್ಯಗಳೂ ಅಲ್ಲೇ ನಡೆದವು. ಇಲ್ಲದಿರುವುದು ಏಣಿಯ ಕೆಳಮೆಟ್ಟಿಲು. ಕಬ್ಬನ್ ಉದ್ಯಾನದಿಂದ ಬಹಳ ದೂರವೇನೂ ಇಲ್ಲದ ಗ್ರಾಮಾಂತರ ಜಿಲ್ಲೆಯಲ್ಲಿ ಟೆನಿಸ್ ಅಂಕಣಗಳು ಕಾಣುವುದು ದೇವನಹಳ್ಳಿ ಸುತ್ತಮುತ್ತಲಿನ ಖಾಸಗಿ ಶಾಲೆಗಳ ಮತ್ತು ಕಾಂಪೌಂಡಿನೊಳಗಿನ ಬಡಾವಣೆಗಳ ಒಳಗೆ. ಸರ್ಕಾರಿ ಶಾಲೆಯ ಹುಡುಗಿಗೆ ಆ ಗೇಟು ತೆರೆದಿಲ್ಲ.

ಆದರೆ ಪ್ರತಿಭೆ ಗುರುತಿಸುವ ಜಾಲ ಈಗಾಗಲೇ ಇದೆ ಎಂಬುದನ್ನು ಮರೆಯಬಾರದು. ಪ್ರತಿ ವರ್ಷ ನಡೆಯುವ ಹೋಬಳಿ ಮತ್ತು ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಕೊಕ್ಕೊ, ಥ್ರೋಬಾಲ್, ವಾಲಿಬಾಲ್ ಆಡುವ ಹುಡುಗಿಯರಲ್ಲಿ ಚುರುಕು ಕಾಲು, ಉದ್ದನೆಯ ತೋಳು, ಚೆಂಡಿನ ಮೇಲೆ ಕಣ್ಣು ಇರುವವರು ಯಾರು ಎಂಬುದನ್ನು ದೈಹಿಕ ಶಿಕ್ಷಣ ಶಿಕ್ಷಕರು ಒಂದೇ ನೋಟದಲ್ಲಿ ಹೇಳಬಲ್ಲರು. ಚೀನಾದ ಕ್ರೀಡಾಶಾಲೆಗಳು ಹುಡುಕಿದ್ದೂ ಇಂತಹ ಮಕ್ಕಳನ್ನೇ. ಲೀ ನಾ ಮೊದಲು ಬ್ಯಾಡ್ಮಿಂಟನ್ ಆಡುತ್ತಿದ್ದವರು. ಕೊಕ್ಕೊ ಅಂಕಣದಲ್ಲಿ ಥಟ್ಟನೆ ದಿಕ್ಕು ಬದಲಿಸುವ ಹುಡುಗಿಗೆ ಟೆನಿಸ್‌ನ ಅರ್ಧ ಕಾಲ್ಚಳಕ ಆಗಲೇ ಬಂದಿರುತ್ತದೆ.

ಟೆನಿಸ್ ಅಂಕಣದ ಗೆರೆಗಳ ಉದ್ದ 23.77 ಮೀಟರ್, ಡಬಲ್ಸ್ ಅಗಲ 10.97 ಮೀಟರ್, ಸುತ್ತ ಓಡಲು ಬೇಕಾದ ಜಾಗವನ್ನೂ ಸೇರಿಸಿದರೆ ಸುಮಾರು 36.6 ಮೀಟರ್ ಉದ್ದ, 18.3 ಮೀಟರ್ ಅಗಲ. ಊರ ಲೆಕ್ಕದಲ್ಲಿ ಹೇಳುವುದಾದರೆ ಅದು ಆರೂವರೆ ಗುಂಟೆಗಿಂತ ಚೂರು ಹೆಚ್ಚು. ವಿಮಾನ ನಿಲ್ದಾಣಕ್ಕೆ, ಬಾಶೆಟ್ಟಿಹಳ್ಳಿ ಮತ್ತು ದಾಬಸ್‌ಪೇಟೆಯ ಕೈಗಾರಿಕೆಗಳಿಗೆ, ಬಡಾವಣೆಗಳಿಗೆ ಸಾವಿರಾರು ಎಕರೆ ಕೊಟ್ಟಿರುವ ಜಿಲ್ಲೆಯಲ್ಲಿ ತಾಲ್ಲೂಕಿಗೊಂದರಂತೆ ಅಷ್ಟು ಜಾಗ ಹುಡುಕುವುದು ದೊಡ್ಡ ಮಾತಲ್ಲ. ಕಂಪನಿಗಳು ಕಾನೂನಿನ ಪ್ರಕಾರ ಸಾಮಾಜಿಕ ಹೊಣೆಗಾರಿಕೆಗಾಗಿ ಖರ್ಚು ಮಾಡಲೇಬೇಕಾದ ಹಣದಲ್ಲಿ ಒಂದು ಪಾಲು ಅದರ ನಿರ್ಮಾಣಕ್ಕೂ ತರಬೇತುದಾರರ ಸಂಬಳಕ್ಕೂ ಬರಬಹುದು.

ಚೀನಾದಿಂದ ಎಲ್ಲವನ್ನೂ ತರಬೇಕಾಗಿಲ್ಲ. ಎಳೆಯ ಮಕ್ಕಳನ್ನು ಮನೆಯಿಂದ ದೂರ ಒಯ್ದು ಬೈಗುಳದ ಶಿಸ್ತಿನಲ್ಲಿ ಬೆಳೆಸುವುದು, ಆಟಗಾರ್ತಿಯ ಆಯ್ಕೆಯನ್ನು ಅಧಿಕಾರಿ ಮಾಡುವುದು, ಅವಳ ದನಿಯನ್ನು ಅಡಗಿಸುವುದು ಯಾವ ಪದಕಕ್ಕೂ ತಕ್ಕ ಬೆಲೆಯಲ್ಲ. ತರಬೇಕಾದದ್ದು ಮೂರು: ಹುಡುಗಿಯನ್ನು ಬೇಗ ಗುರುತಿಸುವ ಕಣ್ಣು, ಡಬಲ್ಸ್ ಅನ್ನು ಮೊದಲಿನಿಂದಲೇ ಗಂಭೀರವಾಗಿ ಕಲಿಸುವ ಪದ್ಧತಿ, ಮತ್ತು ಸಣ್ಣ ಟೂರ್ನಿಗಳ ಕಷ್ಟದ ವರ್ಷಗಳಲ್ಲಿ ಖರ್ಚು ಹೊರುವ ಹೆಗಲು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಚಪ್ಪರದಕಲ್ಲಿನ ಜಿಲ್ಲಾಡಳಿತ, ರಾಜ್ಯ ಲಾನ್ ಟೆನಿಸ್ ಸಂಸ್ಥೆ ಈ ಮೂರೂ ಕೂಡಿ ನಾಲ್ಕು ತಾಲ್ಲೂಕುಗಳಲ್ಲಿ ನಾಲ್ಕು ಸಾರ್ವಜನಿಕ ಅಂಕಣಗಳನ್ನು, ಪ್ರತಿಯೊಂದಕ್ಕೂ ಸಂಬಳದ ಒಬ್ಬ ತರಬೇತುದಾರರನ್ನು ಒದಗಿಸಲಿ. ಹೆತ್ತವರು ಪಿಯುಸಿ ಬಂತೆಂದು ಮಗಳ ಕೈಯಿಂದ ರಾಕೆಟ್ ಕಸಿಯದಿರಲಿ. ಇದಕ್ಕೆಲ್ಲ ಮುಹೂರ್ತ ಹುಡುಕುವ ಅಗತ್ಯವಿಲ್ಲ. ಈ ವರ್ಷದ ಹೋಬಳಿ ಕ್ರೀಡಾಕೂಟದಿಂದಲೇ ಪ್ರತಿಭೆ ಗುರುತಿಸುವ ಕೆಲಸ ಆರಂಭವಾಗಬೇಕು.